ಕರೆಂಟಿಗೆ ಸುಟ್ಟೋಯ್ತು ಅಂದದ್ದು ಸುಳ್ಳು

ಮಂಡ್ಯ
ಗುರುವಾರ ರಾತ್ರಿ

ಪುಟ್ಟಿ,

ಫೋನಿನಲ್ಲೇ ಹೇಳಿಬಿಡೋಣ ಅಂತ ಮೂರು ಸಲ ನಿನ್ನ ನಂಬರ್ ಒತ್ತಿ, ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಅದಕ್ಕೇ ಈ ಕಾಗದ. ಅಂಗಡಿಯ ಲೆಟರ್‌ಹೆಡ್ ಇನ್ನೂ ಎರಡು ಕಟ್ಟು ಉಳಿದಿದೆ, ಅದೂ ಖರ್ಚಾಗಲಿ.

ಹೋದ ವಾರದ ಹಿಂದಿನ ಭಾನುವಾರ ಸಂಜೆ ಊರಿನ ನಿನ್ನ ದೊಡ್ಡಪ್ಪನ ನಂಬರಿನಿಂದ ವಾಟ್ಸ್‌ಆ್ಯಪ್‌ಗೆ ಒಂದು ಲಗ್ನಪತ್ರಿಕೆ ಬಂತು. ಅವರ ಮಗನಿಗೆ ನಾಲ್ಕು ವರ್ಷದಿಂದ ಹೆಣ್ಣು ಹುಡುಕುತ್ತಿರೋದು ನಿನಗೂ ಗೊತ್ತು. ‘ಅಂತೂ ಆಯ್ತಲ್ಲಪ್ಪ’ ಅನ್ನೋ ಖುಷಿಯಲ್ಲಿ ಒತ್ತಿದೆ. ಹೊರಗಿನ ಆ್ಯಪ್ ಹಾಕಲು ಅನುಮತಿ ಬೇಕು ಅಂತ ಫೋನ್ ಕೇಳಿತು, ಕೊಟ್ಟೆ. ಎಸ್ಸೆಮ್ಮೆಸ್ ಓದಲೂ ಅನುಮತಿ ಬೇಕು ಅಂತು, ಅದನ್ನೂ ಕೊಟ್ಟೆ. ಲಗ್ನಪತ್ರಿಕೆಗೆ ನನ್ನ ಎಸ್ಸೆಮ್ಮೆಸ್ ಯಾಕೆ ಬೇಕು ಅಂತ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಇಪ್ಪತ್ತೈದು ವರ್ಷ ಲಗ್ನಪತ್ರಿಕೆ ಮಾಡಿ ನಿನ್ನ ಫೀಸು ಕಟ್ಟಿದವನು ನಾನು! ಏನೂ ತೆರೆಯಲಿಲ್ಲ. ಫೋನೇ ಹಳೇದು ಅಂದುಕೊಂಡು ಪಕ್ಕಕ್ಕಿಟ್ಟೆ.

ಬೆಳಿಗ್ಗೆ ಹಾಲಿನವನಿಗೆ ಸ್ಕ್ಯಾನ್ ಮಾಡಿದರೆ ಬ್ಯಾಲೆನ್ಸ್ ಇಲ್ಲ. ಮೂವತ್ತೆಂಟು ಸಾವಿರ ರಾತ್ರಿಯೇ ಹೋಗಿತ್ತು. ಬ್ಯಾಂಕಿನಿಂದ ಬಂದ ಒಟಿಪಿಗಳು ನನ್ನ ಕಣ್ಣಿಗೆ ಬೀಳದೆಯೇ ಆ ಕಡೆಯವರಿಗೆ ಹೋಗಿದ್ದವು. ಲಗ್ನಪತ್ರಿಕೆಯನ್ನು ಮತ್ತೆ ನೋಡಿದೆ. ಹೆಸರಿನ ಬಾಲದಲ್ಲಿ ಪಿಡಿಎಫ್ ಅಂತ ಇರಲಿಲ್ಲ, ಎಪಿಕೆ ಅಂತ ಇತ್ತು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು.

ಇಲ್ಲಿಯವರೆಗಿನದ್ದು ಮೋಸ. ಮುಂದಿನದ್ದು ನನ್ನ ತಪ್ಪು. ಅದನ್ನು ಹೇಳೋದಕ್ಕೇ ಕಾಗದ ಬರೆಯುತ್ತಿರೋದು.

ನಿನ್ನವ್ವ ಕೇಳಿದಾಗ ‘ಸರ್ವರ್ ಡೌನ್ ಕಣೇ’ ಅಂದೆ. ಹಾಲಿನವನಿಗೆ ಡಬ್ಬಿಯಿಂದ ಚಿಲ್ಲರೆ ಕೊಟ್ಟೆ. ನಿನಗೆ ಹೇಳಲಿಲ್ಲ, ಬ್ಯಾಂಕಿಗೂ ಹೇಳಲಿಲ್ಲ. ಬೀದಿಯವರೆಲ್ಲ ಫೋನು ಕೆಟ್ಟರೆ ನನ್ನ ಹತ್ತಿರ ತರ್ತಾರೆ, ಮಗಳು ಮೈಸೂರಿನ ಹೆಬ್ಬಾಳದಲ್ಲಿ ಕಂಪ್ಯೂಟರ್ ಕಾಯೋ ಕೆಲಸದಲ್ಲಿದ್ದಾಳೆ ಅಂತ ಹೇಳಿಕೊಂಡು ತಿರುಗೋನು ನಾನು, ಯಾವ ಮುಖ ಇಟ್ಟುಕೊಂಡು ಹೇಳಲಿ? ಮಂಗಳವಾರ ಕಬ್ಬಿನ ದುಡ್ಡು ಇಪ್ಪತ್ತನಾಲ್ಕು ಸಾವಿರ ಅದೇ ಖಾತೆಗೆ ಬಿತ್ತು. ಬಿದ್ದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಆ ಆ್ಯಪ್ ತನ್ನ ಚಿತ್ರವನ್ನು ಬಚ್ಚಿಟ್ಟುಕೊಂಡು ಒಳಗೇ ಕೂತಿತ್ತು.

ಬುಧವಾರ ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಕಾಲು ನಡುಗಿತು. ಅಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ದುಡ್ಡು ಒಂದು ಖಾತೆಯಲ್ಲಿ ನಿಲ್ಲೋದಿಲ್ಲವಂತೆ. ಅದರಿಂದ ಇದಕ್ಕೆ, ಇದರಿಂದ ಮತ್ತೊಂದಕ್ಕೆ ಹಾರಿ, ಎಲ್ಲೋ ಎಟಿಎಂನಲ್ಲಿ ನೋಟಾಗಿ ಹೊರಗೆ ಬರುತ್ತದೆ. 1930ಕ್ಕೆ ಹೇಳಿದ ಕೂಡಲೇ ಆ ದಾರಿಯಲ್ಲಿರುವ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಉಳಿದಷ್ಟನ್ನು ತಡೆಹಿಡಿಯುತ್ತಾರೆ. ನನ್ನದರಲ್ಲಿ ಉಳಿದಿದ್ದು ಹನ್ನೊಂದು ಸಾವಿರ. ಅದೂ ಇನ್ನೂ ಕೈಗೆ ಬಂದಿಲ್ಲ.

ಇನ್ನೊಂದು ಆಮೇಲೆ ಗೊತ್ತಾಯಿತು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಗಿರಾಕಿಯ ಅಜಾಗ್ರತೆಯಿಂದಲೇ ದುಡ್ಡು ಹೋಗಿದ್ದರೂ ಅವನು ಹೊರಬೇಕಾದ್ದು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ಮಾತ್ರ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ಅಂದರೆ ಮೂವತ್ತೆಂಟು ಸಾವಿರ ನುಂಗಿದ್ದು ಕಳ್ಳ, ಕಬ್ಬಿನ ದುಡ್ಡು ನುಂಗಿದ್ದು ನನ್ನ ನಾಚಿಕೆ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. ‘ನಂಗೂ ಶನಿವಾರ ಹಂಗೇ ಬಂದಿತ್ತು ಕಣೋ, ಒತ್ಬುಟ್ಟೆ’ ಅಂದರು. ಅವರ ಫೋನಿನೊಳಗೆ ಕೂತದ್ದು ಅವರ ಹೆಸರಿನಲ್ಲೇ ಎಲ್ಲರಿಗೂ ಪತ್ರಿಕೆ ಹಂಚಿತ್ತು. ‘ಯಾಕಣ್ಣ ಹೇಳಲಿಲ್ಲ?’ ಅಂದೆ. ಸುಮ್ಮನಾದರು. ನಾನೂ ಮುಂದೆ ಕೇಳಲಿಲ್ಲ, ಕೇಳೋ ಯೋಗ್ಯತೆ ನನಗೆಲ್ಲಿತ್ತು?

ಇದು ಮೊದಲ ಸಲವೂ ಅಲ್ಲ, ಪುಟ್ಟಿ. 1999ರ ಏಪ್ರಿಲ್ 26, ಸೋಮವಾರ. ಲಗ್ನದ ಕಾಲ, ಒಂಬತ್ತು ಮದುವೆಯ ಮ್ಯಾಟರ್ ಒಂದೇ ಕಂಪ್ಯೂಟರಿನಲ್ಲಿತ್ತು. ಕೆಲಸದ ನಡುವೆಯೇ ಅದು ಗಕ್ಕನೆ ನಿಂತಿತು. ಆಫ್ ಮಾಡಿ ಆನ್ ಮಾಡಿದರೆ ಪರದೆ ಕಪ್ಪು, ಫ್ಯಾನ್ ಸದ್ದು ಮಾತ್ರ. ಸಿಪಿಯುವನ್ನು ನಿನ್ನವ್ವನ ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಮೈಸೂರಿಗೆ ಹೋದೆ. ಶ್ರೀರಂಗಪಟ್ಟಣದ ಹತ್ತಿರ ಬಸ್ಸು ಕುಲುಕಿದಾಗಲೆಲ್ಲ ಕೂಸಿನ ಹಾಗೆ ತಬ್ಬಿಕೊಂಡಿದ್ದೆ. ರಿಪೇರಿಯವನು ಮುಚ್ಚಳ ಬಿಚ್ಚಿ ನೋಡಿ, ‘ಇವತ್ತು ಇದು ಮೂರನೇದು ಸಾರ್’ ಅಂದ.

ಅದು ಸಿಐಎಚ್ ಅನ್ನೋ ವೈರಸ್. ಚೆನ್ ಇಂಗ್-ಹಾವ್ ಎಂಬ ತೈವಾನಿನ ವಿದ್ಯಾರ್ಥಿ 1998ರಲ್ಲಿ ಬರೆದದ್ದು. ಬೇರೆ ಹೆಚ್ಚಿನ ವೈರಸ್ಸುಗಳು ಕಡತಕ್ಕೆ ಅಂಟಿಕೊಂಡರೆ ಗಾತ್ರ ಹೆಚ್ಚುತ್ತಿತ್ತು. ಇದು ಕಡತದೊಳಗಿನ ಖಾಲಿ ಸಂದುಗಳಲ್ಲಿ ತುಂಡುತುಂಡಾಗಿ ಅಡಗಿ, ಗಾತ್ರ ಒಂದಿಷ್ಟೂ ಬದಲಾಗದ ಹಾಗೆ ಕಾಯುತ್ತಿತ್ತು. ಆ ದಿನ ಎದ್ದು ಹಾರ್ಡ್‌ಡಿಸ್ಕಿನ ಮೊದಲ ಭಾಗ ಒರೆಸಿ, ಕೆಲವು ಯಂತ್ರಗಳಲ್ಲಿ ಕಂಪ್ಯೂಟರನ್ನು ಎಬ್ಬಿಸುವ ಬಯಾಸ್ ಚಿಪ್ಪನ್ನೂ ಅಳಿಸಿತು. ಕಂಪ್ಯೂಟರಿಗೆ ತಾನು ಕಂಪ್ಯೂಟರ್ ಅನ್ನೋದೇ ಮರೆತುಹೋದ ಹಾಗೆ. ನನ್ನದಕ್ಕೆ ಅದು ಬಂದದ್ದು ಗೆಳೆಯನೊಬ್ಬ ಬೆಂಗಳೂರಿನಿಂದ ತಂದ ಕಳ್ಳ ಸಿಡಿಯಿಂದ. ಕಾರ್ ರೇಸ್ ಆಟ. ನಿನಗೆ ಅಂತ ಹಾಕಿಸಿಕೊಂಡೆ, ನಿನಗಾಗ ಮೂರು ವರ್ಷ, ಆಡಿದ್ದು ನಾನೇ.

ಗಿರಾಕಿಗಳಿಗೆಲ್ಲ ‘ಕರೆಂಟ್ ಜಾಸ್ತಿ ಬಂದು ಸುಟ್ಟೋಯ್ತು’ ಅಂದೆ. ಮಂಡ್ಯದಲ್ಲಿ ಕರೆಂಟಿನ ಮೇಲೆ ಹೇಳಿದ್ದನ್ನು ಯಾರಾದರೂ ನಂಬುತ್ತಿದ್ದರು. ನಮ್ಮ ಮಾನ ಉಳಿಸಿದ್ದು ನಿನ್ನವ್ವ. ತಿದ್ದಿದ ಪ್ರೂಫ್ ಹಾಳೆಗಳನ್ನು ಬಿಸಾಡದೆ ದಾರ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಳು, ಒಲೆ ಹಚ್ಚೋಕೆ ಆಗುತ್ತೆ ಅಂತ. ಅವನ್ನು ನೋಡಿಕೊಂಡು ಎರಡು ರಾತ್ರಿ ಕೂತು ಒಂಬತ್ತನ್ನೂ ಹೊಸದಾಗಿ ಟೈಪ್ ಮಾಡಿದೆವು. ನೀವು ಬ್ಯಾಕಪ್ ಅಂತ ಈಗ ಹೇಳೋದನ್ನು ಅವಳು ಸೌದೆ ಅಂದುಕೊಂಡಿದ್ದಳು.

ಕಳ್ಳ ಸಿಡಿ ಹಾಕಿದ್ದೆ ಅಂತ ಪೊಲೀಸರ ಹತ್ತಿರ ಹೋಗಲಿಲ್ಲ. ಹೋಗಿದ್ದರೂ ಯಾವ ಸೆಕ್ಷನ್ ಹಾಕುತ್ತಿದ್ದರೋ, ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೇ 2000ದ ಅಕ್ಟೋಬರ್ 17ಕ್ಕೆ. ಬಹಳ ವರ್ಷ ಆದ ಮೇಲೆ ಓದಿದೆ: ಬರೆದವನು ಯಾರು ಅಂತ ಗೊತ್ತಿದ್ದರೂ, ನಷ್ಟ ಆಯಿತು ಅಂತ ಯಾರೂ ದೂರು ಕೊಡಲಿಲ್ಲವೆಂದು ತೈವಾನಿನಲ್ಲಿ ಆಗ ಅವನ ಮೇಲೆ ಕೇಸು ಹಾಕಲಾಗಲಿಲ್ಲವಂತೆ. ಅಲ್ಲೂ ಎಲ್ಲರೂ ಕರೆಂಟಿಗೆ ಸುಟ್ಟೋಯ್ತು ಅಂದಿರಬೇಕು.

ಈಗ ನಿನ್ನ ಆಫೀಸಿನ ವಿಷಯ. ಹೋದ ಹಬ್ಬಕ್ಕೆ ಬಂದಾಗ ನೀನೇ ಹೇಳಿದೆ. ನೀವೇ ಸುಳ್ಳು ಮೇಲ್ ಕಳಿಸಿ ಯಾರು ಒತ್ತುತ್ತಾರೆ ಅಂತ ನೋಡ್ತೀರಿ, ಅಕೌಂಟ್ಸಿನ ರಿಟೈರ್ ಆಗೋ ವಯಸ್ಸಿನವರೊಬ್ಬರು ಎರಡು ಸಲವೂ ಒತ್ತಿದರು, ಒತ್ತಿದವರ ಹೆಸರಿನ ಪಟ್ಟಿಯನ್ನು ಎಲ್ಲರಿಗೂ ಕಳಿಸಿದಿರಿ ಅಂತ. ನೀನು ನಕ್ಕೆ, ನಾನೂ ನಕ್ಕೆ. ಈಗ ಅವರ ಮುಖ ನೋಡದಿದ್ದರೂ ಕಣ್ಣ ಮುಂದೆ ಬರುತ್ತದೆ. ಮುಂದಿನ ಸಲ ನಿಜವಾದ ಕಳ್ಳ ಮೇಲ್ ಬಂದು, ಅವರು ಒತ್ತಿ, ಪರದೆಯಲ್ಲಿ ಏನೋ ಬೇರೆ ಥರ ಆದಾಗ, ಅವರು ನಿನಗೆ ಫೋನ್ ಮಾಡ್ತಾರಾ? ಸಿಸ್ಟಂ ಆಫ್ ಮಾಡಿ, ಟಿಫಿನ್ ಡಬ್ಬಿ ತೆಗೆದುಕೊಂಡು ಮನೆಗೆ ಹೋಗ್ತಾರೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಆ ಪಟ್ಟಿ ನಿಲ್ಲಿಸೋಕೆ ನಿನ್ನ ಕೈಲಾಗುತ್ತಾ ನೋಡು. ಆಗದಿದ್ದರೆ ನೀನಾದರೂ ಒಂದು ದಿನ ಅವರ ಜೊತೆ ಕಾಫಿ ಕುಡಿ. ನಮ್ಮಪ್ಪನೂ ಒತ್ತಿದ್ದಾರೆ ಸಾರ್, ಅರವತ್ತೆರಡು ಸಾವಿರ ಹೋಯ್ತು ಅಂತ ಹೇಳು. ನನ್ನ ಹೆಸರು ಹೇಳಿದರೂ ಪರವಾಗಿಲ್ಲ.

ಫೋನನ್ನು ಪೂರ್ತಿ ಅಳಿಸಿ ಹೊಸದರ ಹಾಗೆ ಮಾಡಿದ್ದೇನೆ, ಪಾಸ್‌ವರ್ಡು, ಪಿನ್ನು ಎಲ್ಲ ಬದಲಾಯಿಸಿದೆ. ಬೀದಿಯವರಿಗೂ ಹೇಳಿದೆ. ಹೇಳಿದ ಮಾರನೇ ದಿನವೇ ಪಕ್ಕದ ಮನೆಯ ಮೇಷ್ಟ್ರು ಹೆಂಡತಿಗೆ ಗೊತ್ತಾಗದ ಹಾಗೆ ಬಂದು, ಟ್ರಾಫಿಕ್ ದಂಡದ ಹೆಸರಿನಲ್ಲಿ ಬಂದ ಅಂಥದ್ದೇ ಎಪಿಕೆ ತೋರಿಸಿದರು. ಪುಣ್ಯಕ್ಕೆ ಒತ್ತಿರಲಿಲ್ಲ.

ಇವತ್ತು ಅಂಚೆಯವನು ನಿಜವಾದ ಲಗ್ನಪತ್ರಿಕೆಯೊಂದನ್ನು ತಂದುಕೊಟ್ಟ, ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ್ದು. ನಿನ್ನವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅವರ ಮನೆಗೆ ಫೋನ್ ಮಾಡಿ ಕೇಳಿದ ಮೇಲೇ ಒಡೆದಳು.

ಭಾನುವಾರ ಬರುವಾಗ ಒಂದು ಹಾರ್ಡ್‌ಡಿಸ್ಕ್ ತಾ. ಅಂಗಡಿಯ ಹಳೇ ಫೈಲುಗಳನ್ನೆಲ್ಲ ಅದಕ್ಕೆ ಹಾಕಿಡೋಣ. ಪ್ರೂಫ್ ಹಾಳೆಗಳ ಕಟ್ಟು ಈಗಲೂ ಅಟ್ಟದ ಮೇಲೇ ಇದೆ, ಅದನ್ನು ಮುಟ್ಟೋಕೆ ಅವಳು ಬಿಡೋದಿಲ್ಲ.

ನಿನ್ನ
ಅಪ್ಪ