ಇ71ರ ಬಟನ್ ವಿಚಾರ, ಮತ್ತು ಇತರ ಬಾಕಿ

ಪ್ರೀತಿಯ ಭಟ್ರೇ,

ಉಡುಪಿಯಲ್ಲಿ ಮಳೆ ಹೇಗುಂಟು ಅಂತ ಕೇಳುವುದಿಲ್ಲ, ದಿನಾ ಸ್ಟೇಟಸ್ ಹಾಕ್ತಾ ಇದ್ದಿ. ನೇರ ನಿನ್ನ ನೋಕಿಯಾ ಇ71ಕ್ಕೆ ಬರ್ತೇನೆ. ಈ ಹಳೇ ಫೋನಿನ ಬಟನ್ ಒತ್ತಿದರೂ ಅಕ್ಷರ ಬೀಳುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದಿ. ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಹಳೇ ಕೀಪ್ಯಾಡ್ ಫೋನನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುವವ ನೀನೊಬ್ಬನೇ ಅಲ್ಲ.

ಮೊದಲು ನೋಡು, ಸತ್ತದ್ದು ಒಂದೆರಡು ಬಟನ್ನೋ, ಸಾಲಿಗೆ ಸಾಲೋ? ಬಟನ್‌ಗಳ ವಯರಿಂಗ್ ಅಡ್ಡ-ಉದ್ದ ಗೆರೆಗಳ ಜಾಲ. ಸಾಲೇ ಹೋಗಿದ್ದರೆ ಗೆರೆಯೋ ಕನೆಕ್ಟರೋ ಕೆಟ್ಟಿದೆ, ಅದು ಅಂಗಡಿಯವರ ಕೆಲಸ. ಒಂದೆರಡೇ ಆದರೆ ತೊಂದರೆ ಡೋಮಿನದ್ದು. ಪ್ರತಿ ಬಟನ್ನಿನ ಅಡಿಗೆ ಉಬ್ಬಿದ ತೆಳು ಲೋಹದ ಬಿಲ್ಲೆ ಉಂಟು, ಅದೇ ಡೋಮ್. ಒತ್ತಿದರೆ ಕುಸಿದು ಕೆಳಗಿನ ಎರಡು ಸಂಪರ್ಕಗಳನ್ನು ಕೂಡಿಸುತ್ತದೆ. ನೀನು ಹಾಡಿ ಹೊಗಳುವ 'ಟಿಕ್' ಅದೇ. ನಮ್ಮ ಕಡಲ ಗಾಳಿಯೂ ಬೆರಳ ಬೆವರೂ ಸೇರಿ ಅಲ್ಲಿ ಕಿಲುಬು ಹಿಡಿಯುತ್ತದೆ. ಬ್ಯಾಟರಿ ತೆಗೆದು ಬಿಚ್ಚು, ಬಿಲ್ಲೆಗಳು ಅಂಟಿಕೊಂಡಿರುವ ಹಾಳೆಯನ್ನು ಬೇಕಾದಷ್ಟೇ ಎತ್ತು, 99% ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸು, ಪೂರ್ತಿ ಒಣಗಿದ ಮೇಲೆ ಕೂರಿಸು. ಥಿನ್ನರ್ ಬೇಡ, ಅಂಟು ಕರಗುತ್ತದೆ. ಸ್ಯಾಂಡ್‌ಪೇಪರ್ ಅಂತೂ ಮುಟ್ಟಲೇಬೇಡ; ಸಂಪರ್ಕಗಳ ಮೇಲಿನ ಲೇಪ ಹೋಯಿತೆಂದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪಾಡು. ಬಿಲ್ಲೆ ನಡುವಿನಿಂದ ಜರುಗಿದರೆ ಟಿಕ್ ಕೇಳುತ್ತದೆ, ಅಕ್ಷರ ಬೀಳುವುದಿಲ್ಲ.

ಜಿಯೋ ಸಿಮ್ ಹಾಕಬೇಡ, ಈ ಫೋನಿಗೆ ಬೇಕಾದ 2ಜಿ-3ಜಿ ಜಿಯೋದಲ್ಲಿ ಇಲ್ಲ. ಏರ್‌ಟೆಲ್ 2ಜಿಯಲ್ಲಿ ಕರೆ, ಎಸ್ಸೆಮ್ಮೆಸ್ ನಡೆಯುತ್ತದೆ. ವಾಟ್ಸಾಪ್ ಈ ಜಾತಿಯ ಫೋನನ್ನು 2017ರ ಜೂನ್ ಕೊನೆಗೇ ಕೈಬಿಟ್ಟಿತು. ಆಂಡ್ರಾಯ್ಡ್ ಅಲ್ಲದ ಬ್ಲ್ಯಾಕ್‌ಬೆರಿ ಇಟ್ಟುಕೊಂಡವರ ಕತೆ ಇನ್ನೂ ಕಷ್ಟ, 2022ರ ಜನವರಿ 4ಕ್ಕೆ ಅದರ ಸೇವೆಯೇ ನಿಂತಿತು.

ಆದರೆ ಟಚ್‌ಸ್ಕ್ರೀನ್ ಗಾಜು ಬಂದು ಎಲ್ಲ ಹಾಳಾಯ್ತು ಅಂತ ನೀನು ಅಳುವುದು ಪೂರ್ತಿ ನ್ಯಾಯವಲ್ಲ. ಬಟನ್ನಿಗೆ ಬೇರೆ ಲಿಪಿ ಬೇಕೆಂದರೆ ಕಂಪನಿಯವರು ಬೇರೆಯೇ ಕೀಮ್ಯಾಟ್, ಅಂದರೆ ಅಕ್ಷರ ಮೂಡಿದ ಬಟನ್ ಹಾಳೆ, ಅಚ್ಚು ಹಾಕಬೇಕು. ಕನ್ನಡಕ್ಕೆ ಯಾರು ಹಾಕ್ತಾರೆ? ಗಾಜಿನ ಮೇಲೆ ಅದು ಬರೀ ಸಾಫ್ಟ್‌ವೇರ್. 'ಮಂಗಳೂರು' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 9 ಒತ್ತು, ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿ ಜೋಡಣೆಯಲ್ಲಿ ಶಿಫ್ಟ್ ಸೇರಿ 8. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಯೂ ಎಲ್ಲ ಸಾಧನಗಳು ಬಳಸುವ ಅಕ್ಷರಸಂಕೇತ ಪಟ್ಟಿಯಾದ ಯೂನಿಕೋಡಿನ 16ನೇ ಆವೃತ್ತಿಗೆ ಸೇರಿತು. ಇನ್ನು ಫಾಂಟೂ ಕೀಬೋರ್ಡ್ ಆ್ಯಪೂ ಸಾಕು, ಯಾರ ಕಾರ್ಖಾನೆಯ ದಯೆಯೂ ಬೇಡ.

ನನಗೆ ಕಸಿವಿಸಿ ಬೇರೆ ಕಡೆ. ಬಟನ್ ಒತ್ತಿದರೆ ಒತ್ತಿದ್ದೇ. ಗಾಜಿಗೆ ಬೆರಳು ಯಾವ ಅಕ್ಷರಕ್ಕೆ ಹೊರಟದ್ದೆಂದು ಖಾತ್ರಿ ಇಲ್ಲ, ಹಾಗಾಗಿ ಅದು ಊಹಿಸಲೇಬೇಕು. ಊಹಿಸಿ ಊಹಿಸಿ ಈಗ ಮುಂದಿನ ಪದವನ್ನೂ ಅದೇ ಬಡಿಸುತ್ತದೆ. ಈಚೆಗೆ ನಿನಗೆ ಕಳಿಸಿದ್ದರಲ್ಲಿ ಹೆಚ್ಚಿನದ್ದು ಕೀಬೋರ್ಡಿನ ಮೇಲೆ ಬರುವ ಆ ಪದಗಳ ಪಟ್ಟಿಯಿಂದ ಹೆಕ್ಕಿದ್ದು ಮಾರಾಯ. ನಿನ್ನ ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗ ಬರೆದ 'ಬೇಗ ಗುಣವಾಗಲಿ' ಕೂಡ. ಹೇಳಲಿಕ್ಕೆ ಇದ್ದದ್ದು ಅದಲ್ಲ. ಅವರಿಲ್ಲದ ನಿಮ್ಮ ಮನೆ ಜಗಲಿ ನೆನೆದು ನನಗೇ ಹೆದರಿಕೆಯಾಗಿತ್ತು. ಅದಕ್ಕೆ ಪಟ್ಟಿಯಲ್ಲಿ ಪದ ಇರಲಿಲ್ಲ, ನಾನೂ ಹುಡುಕಲಿಲ್ಲ. ಆಗಿನ ಎಸ್ಸೆಮ್ಮೆಸ್ ಜಗಳದಲ್ಲಿ ಬೈಗುಳವಾದರೂ ಸ್ವಂತದ್ದಿತ್ತು.

ಸಾಕು, ಅತ್ತಿಗೆಯೂ ಓದ್ತಾರೆ. ಬ್ಯಾಟರಿ ಬಿಪಿ-4ಎಲ್, ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡ. ರಿಪೇರಿಯಾದರೆ ಆರನೇ ಪ್ಲೇಟ್ ಗೋಳಿಬಜೆಯ ಬಾಕಿ ಲೆಕ್ಕ ಅದರಲ್ಲೇ ಕಳಿಸು. ನಾನು ಕೊಡುವುದಿಲ್ಲ, ಆ ಮಾತು ಬೇರೆ.

ಇತಿ,
ಹಂಪನಕಟ್ಟೆಯ ಸ್ವಯಂಘೋಷಿತ ತಜ್ಞ