ಕಾಸರಗೋಡಿನ ಬಗ್ಗೆ ಬರೆಯಹೊರಟ ಹುಡುಗಿಗೆ

ಪೆರ್ಲ

ಪ್ರೀತಿಯ ಮಗಳೇ,

ನಿನ್ನ ಲೇಖನ ಮೊನ್ನೆ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ನಿನ್ನ ಸಿಟ್ಟಿನ ಜೊತೆಗೆ ನನಗೂ ಸಿಟ್ಟು ಬಂತು. ಎರಡನೆಯ ಸಲ ಪೆನ್ಸಿಲು ಹಿಡಿದು ಕೂತೆ. ದಿಲ್ಲಿಯ ಹಾಸ್ಟೆಲಿನಲ್ಲಿ ನಿನ್ನ ಊರು ಕಾಸರಗೋಡೆಂದು ತಿಳಿದ ಕೂಡಲೇ ಒಬ್ಬಳು ‘ಎಂಡೋಸಲ್ಫಾನ್?’ ಎಂದಳಂತೆ, ಆ ಕೀಟನಾಶಕದ ಹೆಸರು. ಇನ್ನೊಬ್ಬಳು ‘ಐಸಿಸ್‌ಗೆ ಸೇರಲು ಹೋದವರ ಊರಲ್ಲವಾ’ ಎಂದಳಂತೆ. ಮತ್ತೊಬ್ಬಳು ಸಸ್ಯಾಹಾರಿ ಮೊಸಳೆಯನ್ನು ನೋಡಿದ್ದೀಯಾ ಎಂದು ಕೇಳಿದಳಂತೆ. ಹುಟ್ಟಿದ ಊರನ್ನು ಯಾರೋ ಒಂದೊಂದು ಶಬ್ದದಲ್ಲಿ ಮುಗಿಸಿಬಿಟ್ಟಾಗ ಆಗುವ ಸಂಕಟ ನನಗೂ ಗೊತ್ತು. ಆ ಸಂಕಟದಲ್ಲೇ ನೀನು ಹದಿನೆಂಟು ಪುಟ ಬರೆದಿದ್ದೀ. ಬರೆಯಲು ಹೊರಟದ್ದು ಸರಿಯಾಯಿತು. ಹಿಡಿದ ದಾರಿಯ ಬಗ್ಗೆ ಮಾತ್ರ ಕೆಲವು ಮಾತು ಹೇಳಲೇಬೇಕು, ಬೇಸರ ಮಾಡಬೇಡ.

ನಿನ್ನ ಮೊದಲ ಸಾಲು: ‘ಕಾಸರಗೋಡು ಎಂದರೆ ಎಂಡೋಸಲ್ಫಾನ್ ಅಲ್ಲ.’ ಈ ಸಾಲನ್ನು ಹೊಡೆದುಹಾಕು. ಓದಿದವರ ತಲೆಯಲ್ಲಿ ಉಳಿಯುವುದು ಎಂಡೋಸಲ್ಫಾನ್, ಕೊನೆಯ ‘ಅಲ್ಲ’ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ನನ್ನ ಮನೆಯಿಂದ ಪಡ್ರೆ, ಸ್ವರ್ಗ, ವಾಣಿನಗರ ದೂರವಲ್ಲ. ಅಲ್ಲಿ ಆ ವಿಷದ ಪೆಟ್ಟು ತಿಂದ ಮೂವತ್ತು ವರ್ಷದ ಮಗನಿಗೆ ಇವತ್ತಿಗೂ ಕೈಯಾರೆ ಗಂಜಿ ತಿನ್ನಿಸುವ ತಾಯಂದಿರಿದ್ದಾರೆ. ನಿನ್ನ ಸಾಲು ಅವರ ಕಿವಿಗೆ ಬಿದ್ದರೆ, ‘ನಮ್ಮೂರು ಅಂದರೆ ನೀವಲ್ಲ’ ಎಂದು ಊರವಳೇ ಹೇಳಿದ ಹಾಗೆ ಕೇಳಿಸುತ್ತದೆ. ಊರಿನ ಹೆಸರು ಚಂದ ಕಾಣಲಿ ಎಂದು ಊರಿನ ನೋವನ್ನು ಹಿತ್ತಿಲಿಗೆ ಕಳಿಸಬಾರದು.

ಆ ಸುದ್ದಿ ಮೊದಲು ಹೇಗೆ ಬಂತು ಎಂಬುದನ್ನು ನೋಡಿದರೆ ನಿನ್ನಂಥವರ ಕೆಲಸ ಏನೆಂದು ತಾನೇ ಗೊತ್ತಾಗುತ್ತದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಎರಚಿದರು. ದಿಲ್ಲಿಯ ಪತ್ರಿಕೆಗಳು ಇತ್ತ ಕಣ್ಣುಹಾಯಿಸಿದ್ದು ಹೆಚ್ಚುಕಡಿಮೆ 2001ರ ನಂತರ, ದಿಲ್ಲಿಯದೇ ಸಂಸ್ಥೆಯೊಂದು ಪಡ್ರೆಯಿಂದ ಮಾದರಿಗಳನ್ನು ಒಯ್ದು ಪರೀಕ್ಷೆ ಮಾಡಿದ ಮೇಲೆ. ಆದರೆ ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ, ರೈತರೊಬ್ಬರ ಹಟ್ಟಿಯಲ್ಲಿ ಕಾಲು ಸೊಟ್ಟಗಾಗಿ ಹುಟ್ಟುತ್ತಿದ್ದ ಕರುಗಳನ್ನು ನೋಡಿ ಬರೆದದ್ದು ಅದಕ್ಕೂ ಇಪ್ಪತ್ತು ವರ್ಷ ಮೊದಲು. ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಕಂಡ ವಿಚಿತ್ರವನ್ನು ಗುರುತು ಹಾಕಿಕೊಳ್ಳುತ್ತ ಹೋಗಿ ವೈದ್ಯಕೀಯ ಪತ್ರಿಕೆಗೆ ಬರೆದರು. ಪೆರಿಯದಲ್ಲಿದ್ದ ಕೃಷಿ ಅಧಿಕಾರಿ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿನಿಂದ ತಡೆ ತಂದರು. ದೇಶಮಟ್ಟದ ವರದಿಗಾರ ಕರುವಿನ ಕಾಲು ನೋಡಲು ಬರುವುದಿಲ್ಲ. ಅವನನ್ನು ದೂರಿ ಫಲವಿಲ್ಲ, ಅವನ ಕೆಲಸವೇ ಹಾಗೆ. ಹಟ್ಟಿಗೆ ಬಗ್ಗಿ ನೋಡಬೇಕಾದವರು ಊರಲ್ಲಿ ಇರುವವರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿದಾಗ ದೇಶವೆಲ್ಲ ಬರೆಯಿತು. 2017ರಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದೈದು ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಆದೇಶ ಮಾಡಿತು, ಆಗಲೂ ಸುದ್ದಿಯಾಯಿತು. ಹಣ ಸರಿಯಾಗಿ ತಲುಪಿಲ್ಲವೆಂದು 2022ರಲ್ಲಿ ಕೋರ್ಟು ಮತ್ತೆ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಈ ನಡುವಿನ ಐದು ವರ್ಷ ಆ ಮನೆಗಳಲ್ಲಿ ಹೇಗೆ ಕಳೆಯಿತು? ಬರೆದವರು ಬೆರಳೆಣಿಕೆಯ ಮಂದಿ. ನೀನು ಬರೆಯಬೇಕಾದದ್ದು ಅಂಥಾ ನಡುವಿನ ವರ್ಷಗಳನ್ನು.

ಇನ್ನೊಂದು ಸಂಗತಿ ಹೇಳುತ್ತೇನೆ, ಯಾರಿಗೂ ಹೇಳಿದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಟಿವಿ ತಂಡ ಬಂದಿತ್ತು. ಅವರಿಗೆ ತುಳು ಬಾರದು, ಮನೆಯವರಿಗೆ ಹಿಂದಿ ಬಾರದು, ನಡುವೆ ನಾನು. ಹುಡುಗ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಕ್ಯಾಮರಾ ಕಂಡದ್ದೇ ತಾಯಿ ‘ಒಂತೆ ಉಂತುಲೆ’ ಎಂದರು, ಸ್ವಲ್ಪ ನಿಲ್ಲಿ ಎಂದು. ಹುಡುಗನನ್ನು ಎತ್ತಿಕೊಂಡು ಒಳಗೆ ಹೋದರು. ಮುಖ ತೊಳೆದು, ಪೌಡರು ಹಾಕಿ, ಎಣ್ಣೆ ಹಚ್ಚಿ ಬೈತಲೆ ತೆಗೆದು, ಬಿಸು ಹಬ್ಬಕ್ಕೆ ತಂದಿದ್ದ ಹಳದಿ ಅಂಗಿ ತೊಡಿಸಿ ಕರೆತಂದರು. ಹುಡುಗ ನಗುತ್ತಿದ್ದ. ತಂಡದವರು ತಮ್ಮೊಳಗೆ ಮಾತಾಡಿಕೊಂಡು ನನ್ನ ಕಡೆ ತಿರುಗಿ, ಮೊದಲು ಹೇಗಿದ್ದನೋ ಹಾಗೇ ಇರಲಿ ಎಂದರು. ಅದನ್ನು ನಾನು ತುಳುವಿನಲ್ಲಿ ತಾಯಿಗೆ ಹೇಳಿದೆ. ಹೇಳಬಾರದಿತ್ತು. ಅವರು ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ಮಕ್ಕಳಿಗೆ ಪಾಠ ಹೇಳಿದ ಮಾಷ್ಟ್ರಲ್ಲವಾ, ಎದುರು ಮಾತಾಡಲಿಲ್ಲ. ಒಂದೊಂದೇ ಗುಂಡಿ ಬಿಚ್ಚಿ ಅಂಗಿ ತೆಗೆದರು.

ಟಿವಿಯಲ್ಲಿ ಬಂದದ್ದು ಮೂರು ನಿಮಿಷ. ಅದರಲ್ಲಿ ಒಂದೇ ಒಂದು ಸುಳ್ಳು ಇರಲಿಲ್ಲ. ಹುಡುಗ ಹಾಗೆಯೇ ಇದ್ದವನು. ಹಳದಿ ಅಂಗಿ ಮಾತ್ರ ಇರಲಿಲ್ಲ. ನಮ್ಮೂರಿನ ಬಗ್ಗೆ ಬರುವ ಸುದ್ದಿ ಸುಳ್ಳೆಂದು ನೀನು ಪುಟಪುಟವಾಗಿ ವಾದಿಸಿದ್ದೀ. ಹೆಚ್ಚಿನದು ಸುಳ್ಳಲ್ಲ ಮಗಳೇ. ಅಂಗಿ ತೆಗೆಸಿದ ನಿಜ ಅದು. ನೀನು ಬರೆಯುವಾಗ ಚಾಪೆಯೂ ಇರಲಿ, ಹಳದಿ ಅಂಗಿಯೂ ಇರಲಿ.

ಐಸಿಸ್ ವಿಷಯವನ್ನು ನೀನು ಮುಟ್ಟಲೇ ಇಲ್ಲ. ಹಾಸ್ಟೆಲಿನ ಆ ಪ್ರಶ್ನೆ ಬರೆದು ದಾಟಿಬಿಟ್ಟಿದ್ದೀ. ಹೆದರಬೇಡ, ಬರೆ. 2016ರಲ್ಲಿ ಕೇರಳದಿಂದ ಕಾಣೆಯಾದ 21 ಮಂದಿಯಲ್ಲಿ ಹೆಚ್ಚಿನವರು ನಮ್ಮ ಜಿಲ್ಲೆಯ ಪಡನ್ನ, ತೃಕ್ಕರಿಪುರದ ಕಡೆಯವರು, ಅದು ನಡೆದದ್ದೇ. ಕಾಣೆಯಾದರೆಂದು ದೂರು ಕೊಟ್ಟದ್ದು ಅವರ ಮನೆಯವರೇ, ಅದೂ ನಡೆದದ್ದೇ. ಮಕ್ಕಳು ಎತ್ತ ಹೋದರೆಂದು ತಿಳಿಯದೆ ಸ್ಟೇಷನ್ ಮೆಟ್ಟಿಲು ಹತ್ತಿದ ಆ ತಂದೆಯಂದಿರ ಮುಖ ಯಾವ ಚರ್ಚೆಯಲ್ಲೂ ಕಾಣಲಿಲ್ಲ. 2011ರ ಜನಗಣತಿಯಲ್ಲಿ 13 ಲಕ್ಷ ಜನರಿದ್ದ ಜಿಲ್ಲೆ ಇದು. ಇಷ್ಟನ್ನೂ ಒಟ್ಟಿಗೆ ಬರೆದರೆ ಓದುವವರು ತಾವೇ ತೂಗಿ ನೋಡುತ್ತಾರೆ.

ಇನ್ನು ನೀನು ಊರಿನ ಹೆಚ್ಚುಗಾರಿಕೆ ಎಂದು ಬರೆದ ಭಾಗ. ಸಪ್ತಭಾಷಾ ಸಂಗಮ ಭೂಮಿ, ಬೇಕಲ ಕೋಟೆ, ಯಕ್ಷಗಾನದ ತವರು. ಇವನ್ನು ನಾನು ಐವತ್ತು ವರ್ಷದಿಂದ ಸ್ವಾಗತ ಭಾಷಣಗಳಲ್ಲಿ ಕೇಳುತ್ತಿದ್ದೇನೆ. ಅವರು ಊರಿಗೊಂದು ಚೀಟಿ ಅಂಟಿಸಿದರೆಂದು ನಾವು ಅದನ್ನು ಕಿತ್ತು ಇನ್ನೊಂದು ಚೀಟಿ ಅಂಟಿಸಿದರೆ ಊರು ಕಾಣುವುದಿಲ್ಲ. ಏಳು ಭಾಷೆ ಎಂದು ಎಣಿಸಿ ಹೇಳುವ ಬದಲು ಬದಿಯಡ್ಕ ಪೇಟೆಯಲ್ಲಿ ಒಂದು ದಿನಸಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲು. ಅಂಗಡಿಯವರು ಬ್ಯಾರಿ. ಅಕ್ಕಿ ತೂಗುವಾಗ ಒಬ್ಬರೊಡನೆ ತುಳು, ಚಿಲ್ಲರೆ ಕೊಡುವಾಗ ಇನ್ನೊಬ್ಬರೊಡನೆ ಮಲಯಾಳ, ಹವ್ಯಕರ ಭಟ್ಟರು ಬಂದರೆ ‘ಎಂತ ಭಟ್ರೇ, ಅಡಕ್ಕೆಗೆ ರೇಟು ಹೇಗೆ?’ ಎಂದು ಕನ್ನಡ. ಸಾಲದ ಪುಸ್ತಕದಲ್ಲಿ ಹೆಸರುಗಳು ಕನ್ನಡ ಅಕ್ಷರದಲ್ಲಿ, ಏಕೆಂದರೆ ಅವರು ಓದಿದ್ದು ಕನ್ನಡ ಶಾಲೆ. ಅದೇ ಅಂಗಡಿಯವರ ಮಗ ಸರಕಾರಿ ಕಚೇರಿಗೆ ಹೋಗಿ ಮಲಯಾಳದಲ್ಲಿರುವ ಅರ್ಜಿ ತುಂಬಲಾಗದೆ ಬೇರೆಯವರ ಕೈಕಾಲು ಹಿಡಿಯುತ್ತಾನೆ. ಸಂಗಮ ಎಂಬ ಶಬ್ದದಲ್ಲಿ ಈ ಕೊನೆಯ ಭಾಗ ಮುಳುಗಿಹೋಗುತ್ತದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವೆಂಬ ಕಾನೂನು ಬಂದಾಗ ನಾವು ಬೀದಿಗಿಳಿದದ್ದು ಸಂಗಮ ಬೇಡವೆಂದಲ್ಲ, ಮಕ್ಕಳ ಓದು ಕೆಡಬಾರದೆಂದು.

ಹೆಸರುಗಳ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ನಿನ್ನ ಬರಹದಲ್ಲೇ ಒಂದು ಕಡೆ ಮಂಜೇಶ್ವರ, ಇನ್ನೊಂದು ಕಡೆ ಮಂಜೇಶ್ವರಂ ಎಂದಿದೆ. ಇಂಗ್ಲಿಷ್ ಪತ್ರಿಕೆಗಳು ‘ಹೊಸ್ದುರ್ಗ್’ ಎಂದು ಬರೆಯುತ್ತವೆ. ಅದರೊಳಗೆ ‘ಹೊಸ’ ಎಂಬ ಕನ್ನಡ ಶಬ್ದವಿದೆ, ಕೆಳದಿಯ ನಾಯಕರು ಕಟ್ಟಿದ ಹೊಸ ದುರ್ಗ ಅದು ಎಂಬುದು ಬರೆಯುವವರಿಗೂ ತಿಳಿದಿರುವುದಿಲ್ಲ, ಓದುವವರಿಗೂ ಇಲ್ಲ. ಅನಿಲ್ ಕುಂಬ್ಳೆಯ ಹೆಸರು ದೇಶದ ಮಕ್ಕಳಿಗೆಲ್ಲ ಗೊತ್ತು. ಆ ಕುಂಬಳೆ ಒಂದು ಊರೆಂದು, ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರೂ ಅದೇ ಎಂದು ಎಷ್ಟು ಮಂದಿಗೆ ಗೊತ್ತು? ಎಡನೀರು ಮಠದ್ದೂ ಇದೇ ಕತೆ. ಕಾನೂನು ಓದುವ ಯಾರನ್ನು ಬೇಕಾದರೂ ಕೇಳು, ಆ ಮಠದ ಸ್ವಾಮಿಗಳಾಗಿದ್ದ ಕೇಶವಾನಂದ ಭಾರತಿ ಎಂದರೆ 1973ರ ಏಪ್ರಿಲ್ 24ರ ತೀರ್ಪು, ಹದಿಮೂರು ಮಂದಿ ನ್ಯಾಯಾಧೀಶರು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ಬಾಯಿಪಾಠ ಹೇಳುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಸ್ವಾಮಿಗಳು ತೀರಿಕೊಂಡಾಗ ದಿಲ್ಲಿಯ ಪತ್ರಿಕೆಗಳು ಆ ಕೇಸಿನ ಬಗ್ಗೆ ಪುಟ ತುಂಬ ಬರೆದವು. ಇಲ್ಲಿನವರು ಅವತ್ತು ನೆನೆದದ್ದು ಅವರ ಯಕ್ಷಗಾನ ಭಾಗವತಿಕೆಯನ್ನು, ಹಾಡುವ ಕಂಠವನ್ನು. ಎರಡೂ ಒಬ್ಬರೇ ಎಂದು ಒಂದೇ ಪುಟದಲ್ಲಿ ಬರೆಯುವುದು ನಿನ್ನಿಂದ ಸಾಧ್ಯ, ನಿನಗೆ ಎರಡೂ ಗೊತ್ತು.

ಮೊಸಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2022ರ ಅಕ್ಟೋಬರಿನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಆ ಮೊಸಳೆ, ಬಬಿಯಾ, ಸತ್ತಾಗ ಸಾಲುಗಟ್ಟಿ ನಿಂತು ಅತ್ತವರನ್ನು ನಾನು ನೋಡಿದ್ದೇನೆ. ಅದು ಏನು ತಿನ್ನುತ್ತಿತ್ತು ಎಂಬುದೊಂದೇ ದೇಶಕ್ಕೆ ಬೇಕಾದದ್ದು.

ದೂರುವುದಾದರೆ ದಿಲ್ಲಿಯನ್ನು ಮಾತ್ರ ದೂರಬೇಡ. ತಿರುವನಂತಪುರಕ್ಕೆ ನಾವು ‘ಪಾರಶ್ಶಾಲದಿಂದ ಮಂಜೇಶ್ವರದವರೆಗೆ’ ಎಂಬ, ಇಡೀ ಕೇರಳವನ್ನು ಸೂಚಿಸುವ ಮಾತಿನ ಕೊನೆ. ರಾಜಕೀಯ ಪಕ್ಷಗಳ ಯಾತ್ರೆ ಇಲ್ಲಿಂದ ಹೊರಡುತ್ತದೆ, ಕ್ಯಾಮರಾಗಳೂ ಯಾತ್ರೆಯ ಜೊತೆಗೇ ತೆಂಕು ದಿಕ್ಕಿಗೆ ಹೋಗಿಬಿಡುತ್ತವೆ. ಬೆಂಗಳೂರಿಗೆ ನಾವು ನವೆಂಬರ್ ಒಂದರ ನೆನಪು. 1956ರ ಅದೇ ದಿನ ದಕ್ಷಿಣ ಕನ್ನಡದಿಂದ ನಮ್ಮನ್ನು ತುಂಡರಿಸಿ ಕೇರಳಕ್ಕೆ ಸೇರಿಸಿದ್ದು, ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿದ್ದು, ಅದು ಜಾರಿಯಾಗದೆ ಉಳಿದದ್ದು, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ಕಣ್ಣು ಮುಚ್ಚುವವರೆಗೂ ಕರ್ನಾಟಕಕ್ಕೆ ಸೇರುವ ಆಸೆ ಬಿಡದಿದ್ದದ್ದು, ಇದೆಲ್ಲ ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಬರುತ್ತದೆ. 2020ರ ಮಾರ್ಚಿನಲ್ಲಿ ಏನಾಯಿತು? ಕೊರೊನಾ ಬಂತೆಂದು ಕರ್ನಾಟಕದ ಗಡಿಯಲ್ಲಿ ತಲಪಾಡಿಯ ರಸ್ತೆ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ‘ಕಾಸರಗೋಡಿನವರು ರೋಗ ತರುತ್ತಾರೆ’ ಎಂದು ಕೂಗಿದ್ದರಲ್ಲಿ ಕನ್ನಡ ಚಾನೆಲ್‌ಗಳೂ ಇದ್ದವು. ಅವತ್ತು ನನಗಾದ ನೋವು ದಿಲ್ಲಿಯ ಯಾವ ಸುದ್ದಿಯಿಂದಲೂ ಆಗಿಲ್ಲ. ನಮಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು, ಕಾಲೇಜೆಂದರೆ ಮಂಗಳೂರು, ಮದುವೆಯ ಸೀರೆ ಎಂದರೂ ಮಂಗಳೂರು. ಆಸ್ಪತ್ರೆಗೆ ತಲುಪಲಾಗದೆ ಹಲವರು ಸತ್ತರು. ದೇಶದ ಪತ್ರಿಕೆಗಳಲ್ಲಿ ಅದು ಎರಡು ರಾಜ್ಯಗಳ ಜಗಳವಾಯಿತು, ಕೋರ್ಟಿನ ಸುದ್ದಿಯಾಯಿತು. ಏಪ್ರಿಲಿನಲ್ಲಿ ಅದೇ ಪತ್ರಿಕೆಗಳು ರೋಗ ಹತೋಟಿಗೆ ತಂದ ‘ಕಾಸರಗೋಡು ಮಾದರಿ’ ಎಂದು ಹೊಗಳಿದವು. ಒಂದೇ ತಿಂಗಳಲ್ಲಿ ಬೈಗುಳವೂ ಬಂತು, ಬಿರುದೂ ಬಂತು, ಎರಡೂ ಬಂದ ಹಾಗೇ ಹೋದವು. 2013ರಲ್ಲಿ ಕಲ್ಲು ಹಾಕಿದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಆ ಏಪ್ರಿಲಿನವರೆಗೆ ರೋಗಿಗಳಿಗೆ ಏಕೆ ತೆರೆದಿರಲಿಲ್ಲ ಎಂಬ ಪ್ರಶ್ನೆ ಇವೆರಡರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ನಿನ್ನ ಹದಿನೆಂಟು ಪುಟದಲ್ಲಿ ನಾನು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ‘ಇದು ಉಳಿಯಲಿ’ ಎಂದು ಬರೆದದ್ದು ಒಂದೇ ಕಡೆ. ಹದಿಮೂರನೆಯ ಪುಟದಲ್ಲಿ, ಆವರಣದೊಳಗೆ, ಬೇಕೋ ಬೇಡವೋ ಎಂಬ ಹಾಗೆ ಬರೆದಿದ್ದೀ: ಮಾವನ ಡಯಾಲಿಸಿಸ್‌ಗೆಂದು ಹೊರಟ ಆಂಬುಲೆನ್ಸು ತಲಪಾಡಿಯಲ್ಲಿ ತಿರುಗಿದಾಗ ಅತ್ತೆ ತೊಡೆಯ ಮೇಲಿದ್ದ ಆಸ್ಪತ್ರೆಯ ಫೈಲನ್ನು ಮಗುಚಿ ಇಟ್ಟರಂತೆ, ಮನೆ ಬರುವವರೆಗೂ ಅದರ ಮೇಲಿನ ಕೈ ತೆಗೆಯಲಿಲ್ಲವಂತೆ.

ಆವರಣ ತೆಗೆ. ಅಲ್ಲಿಂದ ಶುರು ಮಾಡು. ದಿಲ್ಲಿ ಏನು ಹೇಳಿತು, ಹಾಸ್ಟೆಲಿನಲ್ಲಿ ಯಾರು ಏನಂದರು ಎಂಬುದು ಸದ್ಯಕ್ಕೆ ಬೇಡ. ರಜೆಯಲ್ಲಿ ಬಂದಾಗ ಅತ್ತೆಯ ಬಳಿ ಕೂತು ಕೇಳು. ಎಷ್ಟು ಗಂಟೆಗೆ ಹೊರಟರು, ತಲಪಾಡಿಯಲ್ಲಿ ಎಷ್ಟು ಹೊತ್ತು ನಿಂತರು, ಪೊಲೀಸರು ಯಾವ ಭಾಷೆಯಲ್ಲಿ ಮಾತಾಡಿದರು, ಅತ್ತೆ ಯಾವ ಭಾಷೆಯಲ್ಲಿ ಬೇಡಿಕೊಂಡರು. ಆ ಫೈಲು ಈಗ ಎಲ್ಲಿದೆ ಎಂದೂ ಕೇಳು. ಕೇಳುವಾಗ ಮೊಬೈಲು ಎದುರಿಗಿಡಬೇಡ. ಅವರು ಅತ್ತರೆ ಅವತ್ತಿಗೆ ನಿಲ್ಲಿಸಿ ಮರುದಿನ ಹೋಗು.

ಬರೆದದ್ದನ್ನು ಮೊದಲು ಅತ್ತೆಗೆ ಓದಿ ಹೇಳು, ನನಗೆ ಆಮೇಲೆ ಕಳಿಸಿದರೆ ಸಾಕು. ನಿನ್ನ ಹಸ್ತಪ್ರತಿಯನ್ನು ಈ ಪತ್ರದ ಜೊತೆಗೇ ಹಿಂದೆ ಕಳಿಸುತ್ತಿದ್ದೇನೆ.

ನಿನ್ನ,
ಮಾಷ್ಟ್ರು