ಚದರಡಿ ದರದ ಒಪ್ಪಂದ ಕೈಬಿಡುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ಯುಗಾದಿಯಿಂದ ನಮ್ಮ ಸಂಸ್ಥೆಯು ಚದರಡಿಗೆ ಇಷ್ಟು ರೂಪಾಯಿ ಎಂಬ ಒಟ್ಟು ದರದಲ್ಲಿ ಮನೆ ಕಟ್ಟಿಕೊಡುವ ಒಪ್ಪಂದವನ್ನು ಮಾಡಿಕೊಳ್ಳುವುದಿಲ್ಲ. ಅದರ ಬದಲಿಗೆ, ನಿವೇಶನದ ಮಣ್ಣನ್ನು ನೋಡಿದ ನಂತರವೇ, ಪಾಯ, ಗೋಡೆ, ಸ್ಲ್ಯಾಬ್, ಮಾಳಿಗೆಯ ಹೊದಿಕೆ, ಗಿಲಾವು ಮುಂತಾದ ಪ್ರತಿಯೊಂದು ಕೆಲಸದ ಅಳತೆಯನ್ನೂ ದರವನ್ನೂ ಬೇರೆಬೇರೆಯಾಗಿ ತೋರಿಸುವ ಅಂದಾಜು ಪಟ್ಟಿಯನ್ನು ಕೊಡುತ್ತೇವೆ. ಇದರಿಂದ ಕೆಲಸದ ಅವಧಿ ಐದಾರು ವಾರ ಹೆಚ್ಚುತ್ತದೆ. ನಾವು ಹೇಳುವ ಮೊತ್ತ ಬೇರೆಯವರ ಮೊತ್ತಕ್ಕಿಂತ ದೊಡ್ಡದಾಗಿ ಕಾಣುವ ಸಾಧ್ಯತೆಯೂ ಇದೆ.

ಚದರಡಿ ದರ ಕೇಳುವುದಕ್ಕೂ ಹೋಲಿಸುವುದಕ್ಕೂ ಸುಲಭ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಪಾಯ ಎಷ್ಟು ಆಳಕ್ಕೆ ಹೋಗಿದೆ, ಕಂಬಿಯ ಸುತ್ತ ಎಷ್ಟು ಕಾಂಕ್ರೀಟ್ ಕೂತಿದೆ, ಎಷ್ಟು ದಿನ ನೀರು ಉಣಿಸಲಾಗಿದೆ ಎಂಬ ಯಾವ ಸಂಗತಿಯೂ ಚದರಡಿಯಲ್ಲಿ ಅಳತೆಗೆ ಸಿಗುವುದಿಲ್ಲ. ದರ ಇಳಿಸಬೇಕಾಗಿ ಬಂದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಈ ಕೆಲಸಗಳಿಗೇ. ನಾವೂ ಹಾಗೆ ಇಳಿಸಿದವರೇ, ಮತ್ತು ಅದರ ಫಲವನ್ನೂ ಕಂಡಿದ್ದೇವೆ: ಎರೆ ಭೂಮಿಯ ಮೇಲೆ ನಾವೇ ಕಟ್ಟಿದ ಮನೆಯೊಂದರಲ್ಲಿ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಕಿಟಕಿಯ ಕೆಳಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿದಿತ್ತು. ಅದನ್ನು ನಮ್ಮ ಖರ್ಚಿನಲ್ಲಿಯೇ ದುರಸ್ತಿ ಮಾಡಿದೆವು.

ಧಾರವಾಡದಿಂದ ಗದಗಿನವರೆಗೆ ನಾವು ಕೆಲಸ ಮಾಡುವ ಸೀಮೆಯಲ್ಲಿ ಈ ಮಣ್ಣೇ ಮುಖ್ಯ ಪ್ರಶ್ನೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಪಾಯವು ವರ್ಷವರ್ಷವೂ ಏರಿಳಿಯುತ್ತದೆ. ಆದ್ದರಿಂದ ಒಪ್ಪಂದಕ್ಕೆ ಮೊದಲು ನಿವೇಶನದಲ್ಲಿ ಗುಂಡಿ ತೆಗೆಸಿ ಎರೆಯ ಆಳವನ್ನು ನೋಡುತ್ತೇವೆ. ಎರೆ ತೆಳುವಾಗಿದ್ದರೆ ಅದನ್ನು ದಾಟಿ ಗಟ್ಟಿ ಗರಸಿನವರೆಗೆ ಪಾಯವನ್ನು ಇಳಿಸುತ್ತೇವೆ. ಆಳವಾಗಿದ್ದರೆ, ಋತುಮಾನದ ಏರಿಳಿತ ತಟ್ಟದ ಮಟ್ಟದವರೆಗೆ, ಅಂದರೆ ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು, ಕೊರೆದು ಬುಡದಲ್ಲಿ ಅಗಲಿಸಿದ ಅಂಡರ್-ರೀಮ್ಡ್ ಪೈಲ್‌ಗಳನ್ನು ಎಂಜಿನಿಯರರ ಲೆಕ್ಕದಂತೆ ಹಾಕುತ್ತೇವೆ. ಪಾಯದಿಂದ ಅಗೆದು ತೆಗೆದ ಎರೆಯನ್ನೇ ತಿರುಗಿ ನೆಲದಡಿಗೆ ತುಂಬುವ ರೂಢಿಯನ್ನು ಪೂರ್ತಿ ನಿಲ್ಲಿಸಿದ್ದೇವೆ. ಸಾಗಣೆಯ ಖರ್ಚು ಉಳಿಸುವ ಆ ಮಣ್ಣೇ ಮುಂದೆ ಹೊಸ ಟೈಲ್ಸ್ ನೆಲವನ್ನು ಮೇಲಕ್ಕೆತ್ತುತ್ತದೆ. ನೆಲದಡಿಗೆ ಗರಸು ಮಾತ್ರ ಬರುತ್ತದೆ, ಮನೆಯ ಸುತ್ತ ಮೂರಡಿ ಅಗಲದ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಬರುತ್ತದೆ, ನೀರಿನ ಸಂಪು ಪಾಯಕ್ಕೆ ಅಂಟಿಕೊಂಡು ಬರುವುದಿಲ್ಲ.

ಎರಡನೆಯ ಬದಲಾವಣೆ ದಿನಗಳದ್ದು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಈಗ ಬಹುತೇಕ ಮನೆಗಳಿಗೆ ಬಳಕೆಯಾಗುವ ಪಿಪಿಸಿಯಂಥ (ಹಾರುಬೂದಿ ಬೆರೆತ) ಮಿಶ್ರ ಸಿಮೆಂಟಿನದ್ದನ್ನು ಕನಿಷ್ಠ 10 ದಿನ ಸತತವಾಗಿ ತೇವವಾಗಿಡಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದು ನೀರು ಚಿಮುಕಿಸುವುದು ಸತತವಲ್ಲ. ನಾವು ಸ್ಲ್ಯಾಬ್ ಮೇಲೆ ಮಡಿ ಕಟ್ಟಿ 14 ದಿನ ನೀರು ನಿಲ್ಲಿಸುತ್ತೇವೆ, ಕಾಲಮ್‌ಗಳಿಗೆ ಗೋಣಿಚೀಲ ಸುತ್ತಿ ತೋಯಿಸುತ್ತೇವೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವ ಸೆಂಟ್ರಿಂಗ್ ಸಾಮಾನಿಗೆ ದಿನದ ಬಾಡಿಗೆ ಇರುವುದರಿಂದ ಅದನ್ನು ಬೇಗ ಬಿಚ್ಚುವ ಒತ್ತಡ ಯಾವಾಗಲೂ ಇರುತ್ತದೆ. ಅದಕ್ಕೆಂದೇ ಆ ಬಾಡಿಗೆಯನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸಿದ್ದೇವೆ. ಗೃಹಪ್ರವೇಶದ ಮುಹೂರ್ತವನ್ನು ಮೊದಲೇ ಗೊತ್ತುಮಾಡಿ ಸ್ಲ್ಯಾಬ್ ದಿನಗಳನ್ನು ಅದಕ್ಕೆ ಹೊಂದಿಸಲು ಹೇಳುವವರಿದ್ದಾರೆ. ಪಂಚಾಂಗದ ಬಗ್ಗೆ ನಮಗೆ ಗೌರವವಿದೆ, ಆದರೆ ಸಿಮೆಂಟ್ ಅದನ್ನು ಓದುವುದಿಲ್ಲ. ದಯವಿಟ್ಟು ಮುಹೂರ್ತವನ್ನು ಸ್ಲ್ಯಾಬ್ ಆದ ಮೇಲೆ ನೋಡಿಸಿರಿ.

ಕಂಬಿಯ ಕೆಳಗೆ ಖಡಿಯ ಚೂರು ಇಡುವ ಅಭ್ಯಾಸವನ್ನೂ ಬಿಟ್ಟಿದ್ದೇವೆ. ಸ್ಲ್ಯಾಬಿಗೆ 20 ಮಿ.ಮೀ., ಕಾಲಮ್‌ಗೆ 40 ಮಿ.ಮೀ. ಕವರ್ ಬ್ಲಾಕ್ (ಕಂಬಿಯ ಹೊರಗೆ ಅಷ್ಟು ಕಾಂಕ್ರೀಟ್ ಕೂರುವಂತೆ ಅಂತರ ಕಾಯುವ ಬಿಲ್ಲೆ) ಕಟ್ಟಿ, ಎಂಜಿನಿಯರರು ಕಂಬಿ ನೋಡಿ ಸಹಿ ಮಾಡಿದ ಮೇಲಷ್ಟೇ ಕಾಂಕ್ರೀಟ್ ಬೀಳುತ್ತದೆ. ಗೌಂಡಿಗಳು ಕೇಳಿದರೆಂದು ಕಲಸಿದ ಕಾಂಕ್ರೀಟಿಗೆ ಮತ್ತೆ ನೀರು ಸುರಿಯುವುದಿಲ್ಲ.

ಇನ್ನು ಶಾಖದ ವಿಷಯ. ನಮ್ಮ ಕಡೆಯ ಮಣ್ಣಿನ ಮೇಲ್ಮುದ್ದೆಯ ಮನೆಗಳಲ್ಲಿ ಬೆಳೆದವರಿಗೆ ಚೈತ್ರದ ಮಧ್ಯಾಹ್ನವೂ ಒಳಗೆ ತಂಪಿದ್ದದ್ದು ನೆನಪಿರಬಹುದು. ಬರಿಯ ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ಮಲಗುವ ಕೋಣೆಗೆ ಬಿಡುತ್ತದೆ. ಆ ಮೇಲೆ ಕೊಳ್ಳುವ ಎ.ಸಿ. ಹೋರಾಡುವುದು ಈ ಸ್ಲ್ಯಾಬಿನೊಡನೆಯೇ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯು ಮಾಳಿಗೆಯ ಮೂಲಕ ಶಾಖ ಹಾಯುವ ಪ್ರಮಾಣಕ್ಕೆ, ಅಂದರೆ ಯು-ಮೌಲ್ಯಕ್ಕೆ, ಚದರ ಮೀಟರಿಗೆ, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್‌ನ ಮಿತಿ ಹಾಕಿತು. ಬರಿಯ ಸ್ಲ್ಯಾಬ್ ಅದರ ಎರಡು ಪಟ್ಟನ್ನೂ ಮೀರುತ್ತದೆ. ಆ ಸಂಹಿತೆ 500 ಚದರ ಮೀಟರಿಗಿಂತ ಸಣ್ಣ ನಿವೇಶನಗಳಿಗೆ ಉದ್ದೇಶಿಸಿದ್ದಲ್ಲವಾದರೂ, ಬಿಸಿಲು ನಿವೇಶನದ ಅಳತೆ ಕೇಳುವುದಿಲ್ಲವಾದ್ದರಿಂದ, ಸ್ಲ್ಯಾಬ್ ಮೇಲೆ ಶಾಖ ತಡೆಯುವ 40 ಮಿ.ಮೀ. ಎಕ್ಸ್‌ಪಿಎಸ್ ಫೋಮ್ ಹಲಗೆ, ಅದರ ಮೇಲೆ ಇಳಿಜಾರಿನ ಕಾಂಕ್ರೀಟ್ ಮತ್ತು ಬಿಳಿ ಟೈಲ್ಸ್ ಚೂರಿನ ಹೊದಿಕೆಯನ್ನು ಎಲ್ಲ ಪಟ್ಟಿಗಳಲ್ಲಿಯೂ ಸೇರಿಸಿದ್ದೇವೆ.

ಸಜ್ಜಾಗಳನ್ನೂ ದಿಕ್ಕು ನೋಡಿ ಕೊಡುತ್ತೇವೆ. ಧಾರವಾಡದಲ್ಲಿ ಡಿಸೆಂಬರ್ ನಡುಹಗಲಿನಲ್ಲಿಯೂ ಸೂರ್ಯ 50 ಡಿಗ್ರಿಗಿಂತ ಮೇಲಿರುವುದರಿಂದ, ದಕ್ಷಿಣದ ಗೋಡೆಗೆ ಎರಡಡಿ ಸಜ್ಜಾ ಹಾಕಿದರೆ ಆಗ ಕೆಳಗೆ ಎರಡೂವರೆ ಅಡಿಯಷ್ಟು ನೆರಳು ಬೀಳುತ್ತದೆ. ಉತ್ತರಕ್ಕೆ ಸಜ್ಜಾ ಬೇಡವೆನ್ನುವವರು ಬಹಳ. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಪಶ್ಚಿಮದ ಸಂಜೆಯ ಬಿಸಿಲು ಸಜ್ಜಾದ ಕೆಳಗಿನಿಂದಲೇ ನುಗ್ಗುವುದರಿಂದ ಅಲ್ಲಿ ಮೆಟ್ಟಿಲು, ಬಚ್ಚಲು, ಉಗ್ರಾಣ ಬರುವುದು ಒಳ್ಳೆಯದು. ವಾಸ್ತು ನೋಡಿ ನೈಋತ್ಯದಲ್ಲಿಯೇ ಯಜಮಾನರ ಕೋಣೆ ಬೇಕೆನ್ನುವವರೊಡನೆ ನಾವು ವಾದಿಸುವುದಿಲ್ಲ. ಆ ಕೋಣೆಗೆ ಪಶ್ಚಿಮದ ಕಿಟಕಿಯನ್ನು ಚಿಕ್ಕದು ಮಾಡಿ ಹೊರಗಿನಿಂದ ಜಾಲಂಧ್ರದ ತಡೆ ಕೊಡುತ್ತೇವೆ.

ಈಗಾಗಲೇ ಸಹಿಯಾಗಿರುವ ಒಪ್ಪಂದಗಳ ದರ ಬದಲಾಗುವುದಿಲ್ಲ. ನೀರುಣಿಸುವ ದಿನಗಳು ಮತ್ತು ಕವರ್ ಬ್ಲಾಕಿನ ನಿಯಮ ಮಾತ್ರ ಅವುಗಳಿಗೂ ಅನ್ವಯಿಸುತ್ತವೆ, ಅದರ ಹೆಚ್ಚಿನ ಖರ್ಚು ನಮ್ಮದು. ಮಾಳಿಗೆಯ ಹೊದಿಕೆ ಬೇಕೆನ್ನುವವರು ಸ್ಲ್ಯಾಬಿಗೆ ಮೊದಲೇ ತಿಳಿಸಿದರೆ ಪ್ಯಾರಾಪೆಟ್ ಎತ್ತರ ಮತ್ತು ನೀರು ಹೋಗುವ ಕೊಳವೆಯ ಮಟ್ಟವನ್ನು ಅದಕ್ಕೆ ತಕ್ಕಂತೆ ಇಡಬಹುದು. ಯುಗಾದಿಯ ನಂತರ ಕೆಲಸ ಆರಂಭಿಸಬೇಕೆಂದಿರುವವರು ನಿವೇಶನದ ನಕ್ಷೆಯೊಂದಿಗೆ ಕಚೇರಿಗೆ ಬಂದರೆ ಗುಂಡಿ ತೆಗೆಸುವ ದಿನವನ್ನು ನಿಗದಿ ಮಾಡುತ್ತೇವೆ. ಆ ದಿನ ತಾವೂ ಸ್ಥಳದಲ್ಲಿದ್ದು ಮಣ್ಣನ್ನು ಕಣ್ಣಾರೆ ನೋಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರರು
ಧಾರವಾಡ